ನಾಲ್ಕನೇ ಡ್ರಮ್ಮಿನ ಮಾಸ್ಕುಗಳು

ಶುರುವಾದದ್ದು 1994ನೇ ಇಸವಿ ಸೆಪ್ಟೆಂಬರ್ 23, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ನನ್ನ ಡೈರಿಯಲ್ಲಿ ಹಾಗೇ ಬರೆದಿದೆ. ಅದರ ಕೆಳಗಿನ ಸಾಲು: "ಮಾಸ್ಕು 60. ಗೌನು 18. ಕೈಗವಸು 27 ಜೊತೆ, ಊದಿ ನೋಡಿದ ಮೇಲೆ 22."

ಐದು ವರ್ಷದಿಂದ ಮುಟ್ಟದಿದ್ದ ಆ ಡೈರಿಯನ್ನು ಹೋದ ವಾರ ಟ್ರಂಕಿನಿಂದ ತೆಗೆದೆ. ಕಾರಣ ಒಂದು ವಾಸನೆ. ಅಹಮದಾಬಾದಿನಲ್ಲಿ ನಮ್ಮ ಮನೆಯ ಕೆಳಗೆ ಗಾಡಿ ನಿಲ್ಲಿಸುವ ಇಸ್ತ್ರಿಯವನು, ನೀರು ಚಿಮುಕಿಸಿದ ಬಿಳಿ ಹತ್ತಿ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಯಾರ ಜೊತೆಗೋ ಮಾತಿಗೆ ನಿಂತಿದ್ದ. ಬಟ್ಟೆ ಸೀದುಹೋಗುವ ಸ್ವಲ್ಪ ಮೊದಲು ಒಂದು ವಾಸನೆ ಏಳುತ್ತದೆ. ನಾನು ಮೆಟ್ಟಿಲಿನಲ್ಲೇ ನಿಂತೆ.

ಆಗ ನನಗೆ ಇಪ್ಪತ್ತೆರಡು. ಅಪ್ಪನಿಗೆ ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತರ ಕೆಲಸ. ಹುಬ್ಬಳ್ಳಿಯಿಂದ ವಡೋದರೆಗೆ ವರ್ಗವಾಗಿ ಏಳು ವರ್ಷವಾಗಿತ್ತು. ಮನೆ ಮಂಜಲ್‌ಪುರದಲ್ಲಿ. ನಾನು ನರ್ಸಿಂಗ್ ಮುಗಿಸಿ ಊರಿನ ಒಂದು ಹಳೆಯ ಆಸ್ಪತ್ರೆಗೆ ಸೇರಿ ಮೂರು ವಾರ ಆಗಿತ್ತು ಅಷ್ಟೆ. ಎಲ್ಲವನ್ನೂ ಎಣಿಸಿ ಬರೆದಿಡುವ ನನ್ನ ಚಾಳಿ ನೋಡಿ ನಮ್ಮ ಹಿರಿಯ ನರ್ಸ್ ಮೆಕ್ವಾನ್ ಸಿಸ್ಟರ್ ನನ್ನನ್ನು ಬಟ್ಟೆ ಕೋಣೆಗೆ ಹಾಕಿದ್ದರು. ಆ ಶುಕ್ರವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಗಿರಿಜಾ, ಹಿಂದಿನ ಶೆಡ್ಡು ತೆರೆಸುತ್ತಿದ್ದಾರೆ. ಸೂರತ್‌ನಿಂದ ಬಂದವರನ್ನು ಅಲ್ಲಿಡುತ್ತಾರಂತೆ. ನಮ್ಮ ಹತ್ತಿರ ಮುಖಕ್ಕೆ ಕಟ್ಟಿಕೊಳ್ಳಲಿಕ್ಕೆ ಎಷ್ಟಿದೆ, ಎಣಿಸು."

ಹಿಂದಿನ ದಿನವೇ ಸೂರತ್‌ನ ಹೆಸರು ಎಲ್ಲರ ಬಾಯಲ್ಲಿತ್ತು. ಪ್ಲೇಗು. ಅಜ್ಜಿಯ ಕಾಲದ ಮಾತು ಎಂದುಕೊಂಡಿದ್ದ ಶಬ್ದ. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮುಗಿದಿತ್ತು. ಫತೇಗಂಜ್‌ನ ಹಾಸ್ಟೆಲ್ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಚಹಾ ಕುಡಿಯುವಾಗ ಅದನ್ನೇ ಗದ್ದಕ್ಕೆ ಇಳಿಸಿಕೊಂಡು, ಮತ್ತೆ ಏರಿಸಿಕೊಂಡು ಓಡಾಡುತ್ತಿದ್ದರು.

ಮಧ್ಯಾಹ್ನದೊಳಗೆ ಶೆಡ್ಡಿನಲ್ಲಿ ಐದು ಜನ ರೋಗಿಗಳು. ಎಲ್ಲರಿಗೂ ಜ್ವರ, ಕೆಮ್ಮು. ಒಬ್ಬ ಒಡಿಶಾದವನು, ಸೂರತ್‌ನಲ್ಲಿ ಮಗ್ಗ ನಡೆಸುವವನು, ರೈಲಿನಲ್ಲಿ ನಿಂತೇ ಬಂದಿದ್ದ. ಯಾರಿಗೆ ಆ ರೋಗ, ಯಾರಿಗೆ ಬರೀ ಮಳೆಗಾಲದ ಜ್ವರ ಎಂದು ಹೇಳುವವರು ಇರಲಿಲ್ಲ. ಕಫದ ಮಾದರಿ ಎಲ್ಲಿಗೋ ಹೋಗುತ್ತಿತ್ತು. ಉತ್ತರ ಬರುತ್ತಿರಲಿಲ್ಲ.

ನಮ್ಮ ಮಾಸ್ಕುಗಳು ಈಗಿನ ಹಾಗೆ ಒಮ್ಮೆ ಹಾಕಿ ಎಸೆಯುವಂಥವಲ್ಲ. ಆಸ್ಪತ್ರೆಯ ದರ್ಜಿಯೇ ಹೊಲಿದ, ನಾಲ್ಕು ಪದರದ, ನಾಲ್ಕು ಲಾಡಿಯ ಬಟ್ಟೆ. ಒಗೆಯಬೇಕು, ಒಣಗಿಸಬೇಕು, ಮಡಚಬೇಕು. ಕೈಗವಸನ್ನೂ ತೊಳೆದು, ಬಾಯಿಗೆ ತಾಗಿಸದೆ ಗಾಳಿ ತುಂಬಿ, ಕಿವಿಯ ಹತ್ತಿರ ಹಿಸುಕಿ ತೂತಿದೆಯೇ ನೋಡಿ, ಹಗ್ಗಕ್ಕೆ ನೇತುಹಾಕಿ, ಪೌಡರು ಹಚ್ಚಿ ಜೋಡಿ ಮಾಡುತ್ತಿದ್ದೆವು. ಕೊನೆಗೆ ಎಲ್ಲವೂ ಬಸಪ್ಪನವರ ಕೋಣೆಗೆ ಹೋಗುತ್ತಿತ್ತು.

ಬಸಪ್ಪ ಆವಿಯಂತ್ರ ನಡೆಸುವವರು. ನಲವತ್ತರ ಆಸುಪಾಸು. ಗದಗದ ಕಡೆಯವರು, ವಡೋದರೆಯಲ್ಲಿ ಎಲ್ಲರಿಗೂ ಬಸುಭಾಯ್. ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆ. ಆಸ್ಪತ್ರೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. "ಏನವಾ ತಂಗಿ, ಇವತ್ತ ಎಷ್ಟ ಎಣಿಸಿದಿ? ನನ್ನ ತಲೀಕೂದಲಾನೂ ಎಣಿಸಿಬಿಡು, ದಿನಾ ಕಡಿಮಿ ಆಗಾಕತ್ತಾವು" ಎಂದು ಕಾಡಿಸುತ್ತಿದ್ದರು.

ಆವಿಯಂತ್ರ ಎಂದರೆ ಆಳೆತ್ತರದ ಪ್ರೆಷರ್ ಕುಕ್ಕರ್ ಅಂದುಕೊಳ್ಳಿ. ಬಟ್ಟೆಗಳನ್ನು ಸ್ಟೀಲಿನ ದುಂಡನೆಯ ಡಬ್ಬಿಗಳಲ್ಲಿ ತುಂಬಿ ಅದರೊಳಗಿಡಬೇಕು. ಆ ಡಬ್ಬಿಗೆ ನಾವು ಡ್ರಮ್ಮು ಅನ್ನುತ್ತಿದ್ದೆವು. ಡ್ರಮ್ಮಿನ ಸುತ್ತ ಸಾಲಾಗಿ ತೂತುಗಳು, ಅವುಗಳ ಮೇಲೆ ಸರಿಯುವ ಒಂದು ಪಟ್ಟಿ. ಒಳಗಿಡುವಾಗ ಪಟ್ಟಿ ಸರಿಸಿ ತೂತು ತೆರೆಯಬೇಕು, ಇಲ್ಲದಿದ್ದರೆ ಆವಿ ಬಟ್ಟೆಗೆ ಮುಟ್ಟುವುದಿಲ್ಲ. ಹೊರಗೆ ತೆಗೆದ ಕೂಡಲೇ ಮುಚ್ಚಬೇಕು. ನಮ್ಮಲ್ಲಿ ಡ್ರಮ್ಮಿನ ಮೇಲೆ ಚೀಟಿ ಅಂಟಿಸುವ ಪದ್ಧತಿ ಇರಲಿಲ್ಲ. ಪಟ್ಟಿಯೇ ಗುರುತು. ತೆರೆದಿದ್ದರೆ ಕೆಲಸ ಬಾಕಿ, ಮುಚ್ಚಿದ್ದರೆ ಕೆಲಸ ಮುಗಿದಿದೆ. ಅದರ ಮೇಲೆ ಬಸಪ್ಪ ಪ್ರತಿ ಡ್ರಮ್ಮಿಗೂ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಅದೂ ಚಹಾ ಕುಡಿದು ಬಂದ ಮೇಲೆ, ಒಂದೇ ಸಲಕ್ಕೆ.

ಸೆಪ್ಟೆಂಬರ್ 24, ಶನಿವಾರ, ಮಧ್ಯಾಹ್ನ ಒಂದು ಗಂಟೆ. ನಾನು ನಾಲ್ಕನೇ ಡ್ರಮ್ಮು ತುಂಬಿ ಬಸಪ್ಪನವರ ಕೋಣೆಗೆ ತಂದೆ. ಹನ್ನೆರಡು ಮಾಸ್ಕು, ಆರು ಗೌನು. ಎಲ್ಲವೂ ಶುಕ್ರವಾರ ಶೆಡ್ಡಿನೊಳಗೆ ಹಾಕಿದ್ದು. ಒಗೆಯುವ ಮೊದಲು ನೆನೆಸಲು ಬೇಕಾದ ಬ್ಲೀಚಿಂಗ್ ಪುಡಿ ಇನ್ನೂ ಬಂದಿರಲಿಲ್ಲವಾದ್ದರಿಂದ ಬರೀ ಸೋಪಿನಲ್ಲಿ ಒಗೆದಿದ್ದರು. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ.

ಬಸಪ್ಪ ಅವತ್ತು ಕಾಡಿಸಲಿಲ್ಲ.

"ನನ್ನ ಹೆಂಡತಿ ಕೂಸು ಎರಡೂ ಉಧನಾದಾಗ ಅದಾವ, ತಂಗಿ. ಅಣ್ಣನ ಮನ್ಯಾಗ. ಗಣಪ್ಪನ ನೋಡಾಕ ಹೋಗಿದ್ರು."

ಉಧನಾ ಎಂದರೆ ಸೂರತ್‌ನ ಮಗ್ಗದ ಓಣಿಗಳಿರುವ ಭಾಗ. "ಹೊಳ್ಳಿ ಬರ್ತಾರ ಬಿಡ್ರೀ, ಎಲ್ಲಾರೂ ಬರಾಕತ್ತಾರಲ್ಲ" ಎಂದೆ.

"ಎಲ್ಲಾರೂ ಬರಾಕತ್ತಾರ. ಅವ್ರು ಬಂದಿಲ್ಲ."

ನಾನು ಡ್ರಮ್ಮು ಇಟ್ಟು ಊಟಕ್ಕೆ ಹೋದೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ವಾಪಸು ಬಂದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಂತ್ರ ಆರಿತ್ತು, ಬಾಗಿಲು ತೆರೆದಿತ್ತು. ಮೊದಲ ಮೂರು ಡ್ರಮ್ಮು ಮುಗಿದ ಕಪಾಟಿನಲ್ಲಿದ್ದವು. ನಾಲ್ಕನೆಯದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ. ಅದರ ಪಟ್ಟಿ ತೆರೆದಿತ್ತು. ಮುಟ್ಟಿ ನೋಡಿದೆ. ಬಿಸಿ ಇತ್ತು. ಆ ಕೋಣೆಯಲ್ಲಿ ಸ್ಟೂಲೂ ಬಿಸಿ, ಗೋಡೆಯೂ ಬಿಸಿ. ಇದು ಆಗ ನನಗೆ ಹೊಳೆಯಲಿಲ್ಲ. ಬಸಪ್ಪ ಗಡಿಬಿಡಿಯಲ್ಲಿ ಮುಚ್ಚಲು ಮರೆತಿದ್ದಾರೆ, ಒಳಗೆ ಧೂಳು ಹೋಗುತ್ತದೆ ಎಂದುಕೊಂಡೆ. ಪಟ್ಟಿ ಸರಿಸಿದೆ. ತೂತುಗಳೆಲ್ಲ ಮುಚ್ಚಿದವು. ಡ್ರಮ್ಮನ್ನು ಎತ್ತಿ ಮೂರರ ಪಕ್ಕದಲ್ಲಿಟ್ಟೆ, ಅಂಚಿಗೆ ಅಂಚು ಸರಿಯಾಗಿ. ಅಚ್ಚುಕಟ್ಟು ಎಂದರೆ ನನಗೆ ಅಷ್ಟು ಪ್ರೀತಿ.

ಸಂಜೆ ತಿಳಿಯಿತು, ಬಸಪ್ಪ ಯಾರಿಗೂ ಹೇಳದೆ ಸೂರತ್ ಗಾಡಿ ಹತ್ತಿದ್ದಾರೆ ಎಂದು.

ಭಾನುವಾರ ಬೆಳಿಗ್ಗೆ 7:40ಕ್ಕೆ ಆ ಡ್ರಮ್ಮನ್ನು ನಾನೇ ಬಿಚ್ಚಿದೆ. ಹನ್ನೆರಡು ಮಾಸ್ಕು: ಪಾಳಿಗೆ ಬಂದ ಹನ್ನೊಂದು ಜನಕ್ಕೆ, ಒಂದು ನನಗೆ. ಹೆಸರುಗಳೆಲ್ಲ ಡೈರಿಯಲ್ಲಿವೆ. ಶೆಡ್ಡಿನ ಹೊರಗಿನ ಜಗಲಿಯಲ್ಲಿ ನಾನು ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡುತ್ತಿದ್ದೆ: ಮೊದಲು ಟೋಪಿ, ಆಮೇಲೆ ಮಾಸ್ಕು, ಆಮೇಲೆ ಗೌನು, ಕೊನೆಗೆ ಕೈಗವಸು. ಕಳಚುವಾಗ ಕೈಗವಸು ಮೊದಲು. ಜಶೀ ಮಾಸಿಗೆ ಈ ಪಾಠ ಬೇಸರ. ಮಾಸಿ ವಾರ್ಡಿನ ಆಯಾ, ಐವತ್ತೈದು ದಾಟಿದವರು. ರೋಗಿಗಳಿಗೆ ಗಂಜಿ ಕುಡಿಸುವುದು, ಮೈ ಒರೆಸುವುದು ಅವರ ಕೆಲಸ.

"ಅರೇ ಬೆನ್, ನನ್ನ ಮದುವೆಗೂ ಯಾರೂ ಇಷ್ಟು ಸಿಂಗಾರ ಮಾಡಿರಲಿಲ್ಲ" ಎನ್ನುತ್ತಾ ಲಾಡಿ ಕಟ್ಟಿಸಿಕೊಂಡರು.

ಹತ್ತೂವರೆಗೆ ನೀರು ಕುಡಿಯಲು ಹೊರಗೆ ಬಂದ ಮಾಸಿ ಮಾಸ್ಕು ಬಿಚ್ಚಿ ಬಕೆಟ್ಟಿಗೆ ಹಾಕುತ್ತಾ ಹೇಳಿದರು: "ಇವತ್ತು ಒಳ್ಳೆಯದು ಕೊಟ್ಟೆ ನೋಡು. ದಿನಾ ಆ ಸೀದ ವಾಸನೆಗೆ ತಲೆ ಸುತ್ತುತ್ತಿತ್ತು. ಇವತ್ತು ವಾಸನೆಯೇ ಇಲ್ಲ."

ನಾನು ನನ್ನ ಮಾಸ್ಕಿನೊಳಗೆ ಉಸಿರೆಳೆದೆ. ಸೋಪು. ಬಿಸಿಲು. ಬೇರೇನೂ ಇಲ್ಲ.

ಆವಿಯಲ್ಲಿ ಬೆಂದ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಆದರೆ ಎಲ್ಲ ಸಲವೂ ಒಂದೇ ಥರ ಇರುವುದಿಲ್ಲ, ಒಂದು ರಾತ್ರಿ ಕಳೆದರೆ ಕಡಿಮೆಯಾಗುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಾ ಬಸಪ್ಪನವರ ಕೋಣೆಗೆ ಓಡಿದೆ. ಬಾಗಿಲ ಹಿಂದೆ ನೋಡಿದೆ. ಶನಿವಾರದ ಗೀಟು ಮೂರು.

ಮೂರು ಇದ್ದ ಮಾತ್ರಕ್ಕೆ ಏನೂ ಖಚಿತವಾಗಲಿಲ್ಲ. ಮೂರು ಮುಗಿಸಿ ಚಹಾ ಕುಡಿದು ಗೀಟು ಎಳೆದು, ನಾಲ್ಕನೆಯದನ್ನೂ ಬೇಯಿಸಿ ಹೊರಗೆ ತೆಗೆದು, ಪಟ್ಟಿ ಮುಚ್ಚದೆ ಹೊರಟಿರಬಹುದು. ಅಥವಾ ಪಟ್ಟಿ ತೆರೆದು, ಒಳಗಿಡುವ ಮೊದಲೇ ಹೊರಟಿರಬಹುದು.

ನಾನು ಮಾಡಿದ್ದು ಇದು: ಶೆಡ್ಡಿಗೆ ಹೋಗಿ, "ಮಾಸ್ಕು ಒದ್ದೆಯಾಗಿವೆ, ಎಲ್ಲರೂ ಬದಲಿಸಿ" ಎಂದು ಹೇಳಿ, ಎರಡನೇ ಡ್ರಮ್ಮಿನವನ್ನು ಕೊಟ್ಟೆ. 11:05. ಕಾರಣ ಹೇಳಲಿಲ್ಲ. ಮೂರು ಗಂಟೆ ಇಪ್ಪತ್ತೈದು ನಿಮಿಷ ಅವರು ಅವನ್ನು ಮೂಗಿಗೆ ಬಿಗಿದುಕೊಂಡಿದ್ದರು. ಯಾರದೋ ಕೆಮ್ಮು ಬಿದ್ದಿದ್ದ ಬಟ್ಟೆ. ಆ ದಿನದ ಡೈರಿಯಲ್ಲೂ "ಮಾಸ್ಕು ಒದ್ದೆ, ಬದಲಿಸಿದೆ" ಎಂದೇ ಬರೆದೆ. ಜೀವನದಲ್ಲಿ ಡೈರಿಗೆ ಸುಳ್ಳು ಹೇಳಿದ್ದು ಅದೊಂದೇ ದಿನ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಮೆಕ್ವಾನ್ ಸಿಸ್ಟರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಖೇಡಾ ಜಿಲ್ಲೆಯವರು, ಇಪ್ಪತ್ತೆಂಟು ವರ್ಷದ ಸರ್ವಿಸ್ಸು, ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ನಿನಗೆ ಯಾವಾಗ ಗೊತ್ತಾಯಿತು?"

"ನಿನ್ನೆ ಹತ್ತೂವರೆಗೆ."

ಅವರು ಗಡಿಯಾರ ನೋಡಿದರು. "ಲೆಕ್ಕದವಳು ನೀನು. ಎಷ್ಟಾಯಿತು?"

"ಇಪ್ಪತ್ತೊಂದೂವರೆ ಗಂಟೆ."

"ಪಟ್ಟಿ ಮುಚ್ಚಿದೆಯಲ್ಲ, ಅದು ತಪ್ಪು. ಅಂಥದ್ದು ನನ್ನ ಕೈಯಿಂದಲೂ ಆಗುತ್ತದೆ. ಈ ಇಪ್ಪತ್ತೊಂದೂವರೆ ಗಂಟೆ ಮಾತ್ರ ನಿನ್ನದು. ಚಾಲ್, ಅವರಿಗೆ ನೀನೇ ಹೇಳು."

ಹನ್ನೊಂದು ಜನರನ್ನು ಜಗಲಿಯಲ್ಲಿ ಸೇರಿಸಿದರು. ನನ್ನ ಗುಜರಾತಿ ಆಗ ಅಷ್ಟಕ್ಕಷ್ಟೇ. ಅರ್ಧ ಹಿಂದಿಯಲ್ಲಿ ಹೇಳಿದೆ. ಆಮೇಲೆ ಮುಕೇಶ್‌ಭಾಯ್ ಮುಂದೆ ಬಂದರು. ಶೆಡ್ಡು ಗುಡಿಸಿ ಒರೆಸುವ ಕೆಲಸ ಅವರದು.

"ನಿನ್ನೆ ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಹೋದೆ" ಎಂದರು. "ನನ್ನ ಮಗಳಿಗೆ ಆರು ತಿಂಗಳು. ಎತ್ತಿಕೊಂಡೆ. ಮುತ್ತು ಕೊಟ್ಟೆ. ನೀವು ಹತ್ತೂವರೆಗೇ ಹೇಳಿದ್ದರೆ ನಾನು ಹೋಗುತ್ತಿದ್ದೆನಾ, ಬೆನ್?"

ಆ ಪ್ರಶ್ನೆಯನ್ನು ಅವತ್ತಿನ ಡೈರಿಯಲ್ಲಿ ಹಾಗೇ ಬರೆದುಕೊಂಡೆ.

ಜಶೀ ಮಾಸಿ ಮಾತ್ರ, "ನೋಡಿದಿರಾ, ನಾನು ಬಾಯಿಬಿಟ್ಟು ಒಬ್ಬರನ್ನು ಹೊಗಳಿದರೆ ಹೀಗಾಗುತ್ತದೆ. ಇನ್ನು ಯಾರನ್ನೂ ಹೊಗಳುವುದಿಲ್ಲ" ಎಂದರು. ಯಾರೂ ನಗಲಿಲ್ಲ.

ಡಾಕ್ಟರು ನಮ್ಮ ಹನ್ನೆರಡೂ ಜನಕ್ಕೆ ಮಾತ್ರೆ ಶುರು ಮಾಡಿದರು. ಭಾನುವಾರ ಲೆಕ್ಕಕ್ಕೆ ಹಿಡಿದು ಏಳು ದಿನ ಆಸ್ಪತ್ರೆಯ ಆವರಣ ಬಿಡಬಾರದು. ದಿನಕ್ಕೆರಡು ಸಲ ಥರ್ಮಾಮೀಟರ್. ಬರೆಯುವ ಕೆಲಸ ನನ್ನದೇ. ಸಿಸ್ಟರ್ ಅದನ್ನು ಬೇರೆಯವರಿಗೆ ಕೊಡಲಿಲ್ಲ. ಬೆಳಿಗ್ಗೆ ಹನ್ನೆರಡು ಅಂಕಿ, ಸಂಜೆ ಹನ್ನೆರಡು ಅಂಕಿ. ಮುಕೇಶ್‌ಭಾಯ್ ಥರ್ಮಾಮೀಟರನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಡುತ್ತಿದ್ದರು.

ಮಂಗಳವಾರ ಸಂಜೆ ಐದಕ್ಕೆ ಅಪ್ಪ ಗೇಟಿಗೆ ಬಂದರು. ರಸ್ತೆಯ ಆಚೆ ಬದಿ ನಿಂತು, ಡಬ್ಬಿಯನ್ನು ಗೇಟಿನ ಕಾವಲುಗಾರನ ಕೈಲಿ ಕೊಟ್ಟಿದ್ದರು. ಇಬ್ಬರೂ ಕೂಗಿ ಮಾತಾಡಿದೆವು.

"ನಿಮ್ಮವ್ವ ಮಡಿಕಿ ಕಾಳಿನ ಪಲ್ಯಾ ಮಾಡ್ಯಾಳ. ಜ್ವರಾ ಏನರೆ ಅದ ಏನು?"

"ಇಲ್ಲಪ್ಪಾ. ತೊಂಬತ್ತೆಂಟು ನಾಲ್ಕು."

"ಪಾಯಿಂಟ್ ಸುದ್ದಾ ಹೇಳ್ತಿ" ಎಂದು ನಗಲು ನೋಡಿದರು. ಆಗಲಿಲ್ಲ.

"ಅಪ್ಪಾ, ಸ್ಟೇಶನ್ನಿನಾಗ ಬಸಪ್ಪನ್ನ ನೋಡ್ರಿ. ಬಲಗೈ ಮ್ಯಾಲೆ ಸುಟ್ಟ ಕಲಿ ಅದ. ಹೆಂಡತಿ, ಸಣ್ಣ ಕೂಸು ಜೋಡಿ ಇರ್ತಾವ."

"ಹೆಂಗ ನೋಡ್ಲಿ, ಗಿರಿಜಾ? ಸೂರತ್ತಿಗೆ ಹೋಗೂ ಗಾಡಿ ಖಾಲಿ ಅದ. ಬರೂ ಗಾಡ್ಯಾಗ ಬಾಗಲಕ್ಕ ಜೋತಬಿದ್ದ ಬರ್ಲಿಕತ್ತಾರ. ಮಾರಿ ಎಲ್ಲಾ ಅರಿವಿಯಿಂದ ಮುಚ್ಚಿರ್ತದ. ಕಣ್ಣಷ್ಟ ಕಾಣಸ್ತಾವ."

ಆದರೂ ನೋಡಿದರಂತೆ. ದಿನಾ, ಡ್ಯೂಟಿ ಮುಗಿದ ಮೇಲೆ ಎರಡು ತಾಸು, ಮುಂದಿನ ಹತ್ತು ದಿನ. ನನಗೆ ಎಣಿಸುವ ಚಾಳಿ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಬಲಗೈ ಸುಟ್ಟವರು ಇಬ್ಬರು ಸಿಕ್ಕರು. ಇಬ್ಬರೂ ಬಸಪ್ಪ ಅಲ್ಲ.

ಸೆಪ್ಟೆಂಬರ್ 28, ಬುಧವಾರ, ಸಂಜೆ ಆರು ಗಂಟೆ. ಹನ್ನೊಂದು ಅಂಕಿ ಬರೆದೆ. ಹನ್ನೆರಡನೆಯದು ಜಶೀ ಮಾಸಿಯದು. ಪಾದರಸ 101.4ರಲ್ಲಿ ನಿಂತಿತ್ತು. ಮತ್ತೊಮ್ಮೆ ಝಾಡಿಸಿ ಇಟ್ಟೆ. 101.4.

"ಬಿಸಿ ಚಹಾ ಕುಡಿದಿದ್ದೆ" ಎಂದರು ಮಾಸಿ. ಹಲ್ಲು ಕಟಕಟ ಅನ್ನುತ್ತಿದ್ದವು.

ಅರ್ಧ ಗಂಟೆಯಲ್ಲಿ ಮಾಸಿ ಶೆಡ್ಡಿನೊಳಗೆ, ಆರನೇ ಮಂಚದಲ್ಲಿ. ತಾವೇ ಒರೆಸಿ, ಚಾದರ ಹಾಸಿ ಸಿದ್ಧ ಮಾಡಿದ್ದ ಮಂಚ. ಅವರನ್ನು ನೋಡಿಕೊಳ್ಳಲು ನಾನೇ ಹೋಗುತ್ತೇನೆ ಎಂದೆ. ಸಿಸ್ಟರ್ ಬೇಡ ಅನ್ನಲಿಲ್ಲ; ನನ್ನ ಬೆನ್ನ ಹಿಂದೆ ನಿಂತು ಗೌನಿನ ಲಾಡಿ ತಾವೇ ಕಟ್ಟಿದರು. ಮಾಸ್ಕನ್ನು ಮೂಗಿಗೆ ಹಿಡಿದು ಮೊದಲು ವಾಸನೆ ನೋಡಿದೆ. ಸೀದ ವಾಸನೆ ಗಾಢವಾಗಿತ್ತು. ಜೀವ ಬಂದ ಹಾಗಾಯಿತು.

ಒಳಗೆ ಮಾಸಿ ನನ್ನ ಕೈಗವಸಿನ ಕೈಯನ್ನು ಹಿಡಿದುಕೊಂಡರು. "ನಿನ್ನ ಮೇಲೆ ಸಿಟ್ಟಿಲ್ಲ ಅಂತ ನಾನು ಹೇಳಬೇಕು ಅಂತಿದ್ದೀಯಲ್ಲ? ಹೇಳುವುದಿಲ್ಲ. ಸಿಟ್ಟಿದೆ. ಗುಣವಾದ ಮೇಲೆ ಬಿಡುತ್ತೇನೆ."

ಡಾಕ್ಟರು ಕಫದ ಜೊತೆಗೆ ಬೆರಳು ಚುಚ್ಚಿ ರಕ್ತವನ್ನೂ ಗಾಜಿನ ಮೇಲೆ ತೆಗೆದುಕೊಂಡು ಹೋದರು. ಮಾಸಿಗೆ ಚಳಿ, ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಬೆವರು. ಕೆಮ್ಮು ಬರುತ್ತದೆಯೇ ಎಂದು ನಾನು ಕಿವಿಗೊಟ್ಟು ಕೂತಿದ್ದೆ. ಪಕ್ಕದ ಮಂಚದವನು ಕೆಮ್ಮಿದಾಗೆಲ್ಲ ಮಾಸಿಯೇ ಕೆಮ್ಮಿದರೆಂದು ತಿರುಗಿ ನೋಡುತ್ತಿದ್ದೆ. ಡೈರಿಯ ಆ ಪುಟದಲ್ಲಿ: "ಮಾಸಿ, ಕೆಮ್ಮು 0." ಅದರ ಕೆಳಗೆ ಮತ್ತೆ "0." ಹೀಗೆ ಒಂಬತ್ತು ಸೊನ್ನೆಗಳಿವೆ.

ಗುರುವಾರ ಬೆಳಿಗ್ಗೆ 11:15ಕ್ಕೆ ಡಾಕ್ಟರು ಜಗಲಿಯಿಂದಲೇ ಕೂಗಿದರು: "ಜಶೀಬೆನ್‌ಗೆ ಮಲೇರಿಯಾ!"

ಮಲೇರಿಯಾ ಎಂಬ ಮಾತು ಕೇಳಿ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮಾಸಿ ತಲೆ ಎತ್ತಿ, "ಇಷ್ಟು ದೊಡ್ಡ ಮೆರವಣಿಗೆ ಮಾಡಿಸಿ ಕೊನೆಗೆ ಒಂದು ಸೊಳ್ಳೆ!" ಎಂದರು. ನಾನು ಹೊರಗೆ ಬಂದೆ. ಕೈಗವಸು, ಗೌನು, ಕೊನೆಗೆ ಮಾಸ್ಕು, ಒಂದೊಂದನ್ನೂ ಸರಿಯಾದ ಕ್ರಮದಲ್ಲಿ ಕಳಚಿ, ಕೈ ತೊಳೆದು, ಆಮೇಲೆ ಅತ್ತೆ.

ಅಕ್ಟೋಬರ್ 1, ಶನಿವಾರ ಸಂಜೆಗೆ ಏಳು ದಿನ ಮುಗಿದವು. ಮಾಸಿಯನ್ನು ಬಿಟ್ಟು ಹನ್ನೊಂದು ಜನಕ್ಕೂ ಒಂದು ದಿನವೂ ಜ್ವರ ಬರಲಿಲ್ಲ. ಮುಕೇಶ್‌ಭಾಯ್ ಮಗಳು ಚೆನ್ನಾಗಿದ್ದಳು. ಶೆಡ್ಡಿನ ಐವರೂ ಗುಣವಾಗಿ ಮನೆಗೆ ಹೋದರು. ಅವರಲ್ಲಿ ಯಾರಿಗಾದರೂ ನಿಜವಾಗಿ ಆ ರೋಗ ಇತ್ತೇ ಎಂಬ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಅಂದಿನಿಂದ ನಮ್ಮಲ್ಲಿ ಪ್ರತಿ ಡ್ರಮ್ಮಿನ ಮೇಲೂ ಒಂದು ಚೀಟಿ: ಒಳಗಿಟ್ಟ ಗಂಟೆ, ತೆಗೆದ ಗಂಟೆ, ಸಹಿ. ಮುಕೇಶ್‌ಭಾಯ್ ನನ್ನೊಡನೆ ಬೇರೆ ಮಾತು ನಿಲ್ಲಿಸಿದರು. ಆದರೆ ದಿನಾ ಬೆಳಿಗ್ಗೆ ಮಾಸ್ಕು ಕಟ್ಟಿಕೊಳ್ಳುವ ಮೊದಲು ಕೈ ಚಾಚಿ, "ಚೀಟಿ" ಅನ್ನುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದದ್ದು ಗುಜರಾತಿ ಮಾತ್ರ. ಆ ಅಂಕಿ, ಆ ಅಕ್ಷರ ನಾನು ಕಲಿತದ್ದು ಹಾಗೆ. ಎರಡು ವರ್ಷದ ನಂತರ ಅಹಮದಾಬಾದಿಗೆ ಬರುವ ದಿನದವರೆಗೂ ಅವರು ಒಂದು ದಿನ ಕೂಡ ಚೀಟಿ ನೋಡದೆ ಒಳಗೆ ಹೋಗಲಿಲ್ಲ.

ಬಸಪ್ಪ ಮರಳಿ ಬರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ, ಹೆದರಿ ಓಡಿಹೋದ ಎಂದರು. ಓಡಿದ್ದರೆ ಸೂರತ್ ಕಡೆಗೆ ಯಾಕೆ ಓಡುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಸೆಪ್ಟೆಂಬರ್ 24ರ ಮುಂದೆ, "ಡ್ರಮ್ 4, ಆವಿಗೆ ಇಟ್ಟಿಲ್ಲ, ಕರ್ತವ್ಯ ಬಿಟ್ಟು ಹೋಗಿದ್ದಾರೆ" ಎಂದು ಅವರ ಹೆಸರಿನಲ್ಲಿ ಬರೆಯಲಾಯಿತು. ಬರೆದದ್ದು ನನ್ನ ಮಾತಿನ ಆಧಾರದ ಮೇಲೆ. ನನಗೆ ಗೊತ್ತಿದ್ದದ್ದು ಮೂರು ಗೀಟು, ತೆರೆದ ಒಂದು ಪಟ್ಟಿ, ಒಂದು ವಾಸನೆ ಇಲ್ಲದಿದ್ದದ್ದು, ಇಷ್ಟೇ. ಅವರು ಆ ಡ್ರಮ್ಮನ್ನು ಬೇಯಿಸಿಯೇ ಹೋಗಿದ್ದರೆ, ಆ ಹನ್ನೆರಡು ಜನರನ್ನು ಕಾಯ್ದದ್ದು ಅದೃಷ್ಟವಲ್ಲ, ಬಸಪ್ಪ. ಹಾಗಿದ್ದರೆ ಆ ಸಾಲು ಸುಳ್ಳು. ಮೆಕ್ವಾನ್ ಸಿಸ್ಟರ್ ಇನ್ನೂ ಅಲ್ಲೇ ಇದ್ದಾರೆ; ಬಸಪ್ಪನವರಿಂದ ಉತ್ತರ ಬಂದರೆ ಆ ಸಾಲನ್ನು ತಿದ್ದುತ್ತೇನೆ ಎಂದು ಹೇಳಿದ್ದಾರೆ.

ಇದನ್ನು ಓದುವವರಲ್ಲಿ ಗದಗದ ಕಡೆಯವರು, ಉಧನಾದ ಮಗ್ಗದ ಓಣಿಗಳಲ್ಲಿ ಇದ್ದವರು, ರೈಲ್ವೆಯವರು ಇರಬಹುದು. ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಯಿರುವ, ಈಗ ನಲವತ್ತೈದರ ಆಸುಪಾಸಿನ ಬಸಪ್ಪ ಎಂಬವರನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಹೆಂಡತಿ, ಕೂಸು ಸಿಕ್ಕರೇ ಎಂದು ಮೊದಲು ಕೇಳಿ. ಆಮೇಲೆ ನಾಲ್ಕನೇ ಡ್ರಮ್ಮಿನ ಬಗ್ಗೆ ಕೇಳಿ. ನನ್ನ ಡೈರಿಯಲ್ಲಿ ಆ ತಾರೀಕಿನ ಮುಂದೆ ಒಂದು ಗೀಟಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.